ಮೋಡ ಮುಚ್ಚಿದ ಜಾಗದ ಬಿಸಿ

"ಕೊಂದವನನ್ನ ಕೂರಿಸಿ ನೀರು ಕೊಡ್ತಿದೀರಾ? ಬಾಯಿಗೆ ಮಣ್ಣು ಹಾಕಿ."

ಕೊಲೆಯಾದ ಕಚೇರಿ ಮುಖ್ಯಸ್ಥರ ಹೆಂಡತಿ ಹೀಗೆ ಹೇಳುತ್ತಲೇ ಕುರಿಗಾಹಿಯ ಕೈಲಿದ್ದ ಲೋಟಕ್ಕೆ ಹೊಡೆದಳು. ಲೋಟ ಗೋಡೆಗೆ ಬಡಿದು ಬಿತ್ತು. ಅವನ ಎಡಗೈ ಮುರಿದು ಜೋತಾಡುತ್ತಿತ್ತು. ನಾನೂ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರೂ ಬರುವಷ್ಟರಲ್ಲಿ ಕಚೇರಿಯವರು ಸರಳಿನಿಂದ ಬಡಿದಿದ್ದರು. ಮಿಕ್ಕಿದ್ದನ್ನು ಮುಗಿಸಲು ಹೊರಗೆ ಕಾಯುತ್ತಿದ್ದರು.

"ಬಿದ್ದಿದ್ದವರ ತಲೆ ಎತ್ತಿ ನೋಡ್ದೆ ಅಷ್ಟೇ ತಾಯಿ. ಕೈಗೆ ರಕ್ತ ಹತ್ತಿತು," ಅಂದ ಕುರಿಗಾಹಿ.

"ಹೌದಪ್ಪಾ. ತೋಳ ಮರಿಗೆ ಮುತ್ತು ಕೊಡೋಕೆ ಹೋಗಿತ್ತು," ಅಂದ ಅವಳ ತಮ್ಮ. ಕಚೇರಿಯಲ್ಲಿ ನಕ್ಷೆ ಮಾಡುವವನು ಅವನೇ. "ಬೇಲಿ ಹಾಕಿದ ದಿನ ಇವನೇ ಅಲ್ವಾ ಅಕ್ಕಾ, ಭಾವನ ತಲೆ ಒಡೀತೀನಿ ಅಂದಿದ್ದು?"

ಆ ಕಚೇರಿಯ ಕೆಲಸ ಇಷ್ಟು. ಉಪಗ್ರಹ ಕಳಿಸಿದ ಚಿತ್ರದಿಂದ ನೆಲದ ಬಿಸಿ ತಿಳಿದು, ಹುಲ್ಲುಗಾವಲು ಎಲ್ಲಿ ಮರುಭೂಮಿ ಆಗುತ್ತಿದೆ ಎಂದು ನಕ್ಷೆ ಬರೆಯುವುದು. ನಕ್ಷೆಯಲ್ಲಿ ಕೆಂಪಾದ ನೆಲಕ್ಕೆ ಬೇಲಿ ಬೀಳುತ್ತದೆ, ಕುರಿ ಕಾಲಿಡುವಂತಿಲ್ಲ. ಉಪಗ್ರಹ ಮೇಲೆ ಹಾಯುವ ಹೊತ್ತಿಗೆ ಒಬ್ಬರು ಬೇಲಿಯೊಳಗೆ ನಿಂತು ಅದೇ ನೆಲದ ಬಿಸಿಯನ್ನು ಕೈಯಂತ್ರದಿಂದ ಅಳೆಯಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು. ಆ ಬೆಳಿಗ್ಗೆ ಹೋದದ್ದು ಮುಖ್ಯಸ್ಥರು. ಮಧ್ಯಾಹ್ನ ಸಿಕ್ಕಿದ್ದು ಹೆಣ. ಗೂಟ ಹೊಡೆಯುವ ಸುತ್ತಿಗೆಯಿಂದ ಜಜ್ಜಿದ್ದರು. ಅರ್ಧ ಮುಖವೇ ಇರಲಿಲ್ಲ.

"ನೀನೆಲ್ಲಿದ್ದೆ?" ಸಾಹೇಬರು ಕುರಿಗಾಹಿಯನ್ನು ಕೇಳಿದರು.

"ದಿಣ್ಣೆ ಆಚೆ. ಬಿಸಿಲೇರೋ ಹೊತ್ತಿಗೆ ದೊಡ್ಡ ಮೋಡ ಬಂದು ಬೇಲಿ ಜಾಗಾನೆಲ್ಲ ಮುಚ್ಕೊಂಡು ನಿಂತ್ಬಿಡ್ತು. ನೆರಳಾಯ್ತು ಅಂತ ಕುರಿ ಮಲಗಿದ್ವು. ನಾನೂ ಮಲಗ್ದೆ."

"ಒಳ್ಳೇ ನಿದ್ದೆ," ಅಂದಳು ಹೆಂಗಸು. "ಇನ್ಮೇಲೆ ಏಳೋದೇ ಬೇಡ, ಬಿಡು."

ಸಾಹೇಬರು ತಮ್ಮನ ಕಡೆ ತಿರುಗಿದರು. "ನೀವು?"

"ಇದೇ ಕುರ್ಚಿ. ಬಾಗಿಲು ಹಾಕ್ಕೊಂಡು ಕೂತವನು ಎದ್ದೇ ಇಲ್ಲ. ಚಿತ್ರ ಬಂತು, ನಕ್ಷೆ ಮಾಡಿ ಕಳಿಸ್ದೆ. ನೋಡಿ, ಭಾವ ನಿಂತಿದ್ದ ಜಾಗ. ನಲವತ್ತಮೂರು ಪಾಯಿಂಟ್ ಆರು ಡಿಗ್ರಿ."

"ಅಳೆದದ್ದು ಯಾರು?"

"ಉಪಗ್ರಹ. ಇನ್ಯಾರು, ನಮ್ಮಪ್ಪನಾ?"

ಸಾಹೇಬರು ನನಗೆ ಕೈ ಮಾಡಿದರು. ಹೆಣದ ಅಡಿ ಸಿಕ್ಕಿದ್ದ ಕೈಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಬಿಚ್ಚಿದೆ. ರಕ್ತದಲ್ಲಿ ಕೂದಲು ಅಂಟಿತ್ತು. ಗುಂಡಿ ಒತ್ತಿದರೆ ಕೊನೆಯ ಅಳತೆ ಬೆಳಗಿತು. ನಲವತ್ತಮೂರು ಪಾಯಿಂಟ್ ಆರು.

"ಹೊಂದ್ತಿದೆಯಲ್ಲ," ಅಂದ ತಮ್ಮ. "ಸರಿಯಾಗೇ ಇದೆ."

"ಮೋಡ ಹೊಂದ್ತಿಲ್ಲವಲ್ಲ? ಮೇಲಿಂದ ಬಂದ ಚಿತ್ರ ತೆಗಿ. ಬಂದ ಹಾಗೇ ತೋರಿಸು."

ಅವನು ಮಿಸುಕಲಿಲ್ಲ. ಸಾಹೇಬರು ಕತ್ತು ಹಿಡಿದು ಮೇಜಿಗೆ ಅಪ್ಪಳಿಸಿದರು. ಮೂಗಿನಿಂದ ರಕ್ತ ಸುರಿಯಿತು. "ತೆಗಿ."

ತೆಗೆದ. ಬೇಲಿ ಜಾಗದ ಮೇಲೆ ಬಿಳಿ ಮುದ್ದೆ ಕೂತಿತ್ತು, ಕತ್ತರಿಸಿ ಹಾಕಿದ ಉಣ್ಣೆಯ ಹಾಗೆ.

"ಈ ಉಪಗ್ರಹಕ್ಕೆ ಮೋಡದ ಕೆಳಗಿನ ನೆಲ ಕಾಣಲ್ಲ," ಅಂದರು ಸಾಹೇಬರು. "ನಿನ್ನ ನಕ್ಷೆಯಲ್ಲಿ ಈ ಜಾಗ ಖಾಲಿ ತೂತಾಗಿರಬೇಕಿತ್ತು. ಸಂಖ್ಯೆ ಎಲ್ಲಿಂದ ಬಂತು? ಮೋಡ ಬರೋ ಮುಂಚೆ ನಿಮ್ಮ ಭಾವ ಅಳೆದರು. ಅಲ್ಲಿ ಫೋನ್ ಹತ್ತಲ್ಲ. ಯಂತ್ರ ಹೆಣದ ಅಡಿ ಇತ್ತು. ಹಾಗಾದ್ರೆ ಅದನ್ನ ಓದಿದವರು ಇಬ್ಬರೇ — ಸತ್ತವರು, ಸಾಯಿಸಿದವನು. ಹಿಂಬಾಗಿಲಿಂದ ಹೋಗಿ ಬಂದ್ಯಾ?"

ಹೆಂಗಸು ತಮ್ಮನನ್ನೇ ನೋಡಿದಳು. "ಯಾಕೋ?"

"ತೂತಿರೋ ನಕ್ಷೆ ಯಾರಿಗೆ ಬೇಕು ಅಕ್ಕಾ? ಮೋಡ ಇದ್ದ ಕಡೆಯೆಲ್ಲ ನಾನೇ ಮನಸ್ಸಿಗೆ ಬಂದ ಬಿಸಿ ತುಂಬಿಸ್ತಿದ್ದೆ. ವರ್ಷಗಟ್ಟಲೆ. ಒಬ್ಬರೂ ಕೇಳಲಿಲ್ಲ. ಭಾವ ಕೇಳಿದ್ರು. ನೆಲ ತೋರಿಸ್ತೀನಿ ಬಾ ಅಂದ್ರು. ಯಂತ್ರ ಮುಖಕ್ಕೆ ಹಿಡಿದ್ರು — ಓದು, ಇಷ್ಟೇ ಬಿಸಿ. ನೀನು ಬದುಕಿರೋ ನೆಲಾನ ನಕ್ಷೇಲಿ ಸಾಯಿಸಿ ಬೇಲಿ ಹಾಕಿಸ್ದೆ, ನಾಳೆಯಿಂದ ಬರಬೇಡ ಅಂದ್ರು." ಅವನು ಮೂಗು ಒರೆಸಿಕೊಂಡ. "ಸುತ್ತಿಗೆ ಕಾಲ ಹತ್ರಾನೇ ಇತ್ತು."

"ಯಂತ್ರದ ಸಂಖ್ಯೆನೇ ಯಾಕೆ ಹಾಕಿದೆ?" ನಾನು ಕೇಳಿದೆ.

"ಯಾರಾದ್ರೂ ಹೋಲಿಸಿದ್ರೆ ಹೊಂದಲಿ ಅಂತ."

"ಜನ್ಮದಲ್ಲಿ ಒಂದು ತೂತಿಗೆ ನಿಜ ತುಂಬಿಸಿದೆ," ಅಂದರು ಸಾಹೇಬರು. "ಅದೇ ಕುಣಿಕೆ ಆಯ್ತು."

ಹೆಂಗಸು ಬಗ್ಗಿ ಲೋಟ ಎತ್ತಿಕೊಂಡಳು. ತಮ್ಮನ ಬಾಯಿಗೆ ಹೊಡೆದಳು. ತುಟಿ ಸೀಳಿತು. ಇನ್ನೊಮ್ಮೆ ಹೊಡೆದಳು. ನಾವು ತಡೆಯಲಿಲ್ಲ. ಲೋಟ ಮೇಜಿನ ಮೇಲಿಟ್ಟು ಬಾಗಿಲು ತೆರೆದಳು.

ಸರಳು ಹಿಡಿದವರು ಮೆಟ್ಟಿಲ ಮೇಲೇ ಇದ್ದರು.

"ಕುರಿಯವನಲ್ಲ," ಅಂದಳು. "ನನ್ನ ತಮ್ಮ. ಒಳಗಿದಾನೆ."

"ಅಕ್ಕಾ, ಎಲ್ಲಿಗೆ ಹೋಗ್ತೀಯಾ? ಅಕ್ಕಾ."

ಜನ ಅವಳಿಗೆ ದಾರಿ ಬಿಟ್ಟು ಬಾಗಿಲ ಕಡೆ ನುಗ್ಗಿದರು. ನಾನು ಚಿಲಕ ಹಾಕಿದೆ. ಬಾಗಿಲ ಮೇಲೆ ಸರಳು ಬೀಳತೊಡಗಿದವು. ಅವನು ಕಿಟಕಿಯ ಕಂಬಿ ಹಿಡಿದು ಕೂಗುತ್ತಲೇ ಇದ್ದ. ಅವಳು ರಸ್ತೆ ದಾಟಿದಳು, ತಿರುಗಿ ನೋಡಲಿಲ್ಲ. ಆಮೇಲೆ ಕೋರ್ಟಿಗೂ ಬರಲಿಲ್ಲ, ಜೈಲಿಗೂ ಬರಲಿಲ್ಲ.