ಅರ್ಧ ತಲೆ ಜಡೆ

ಲಮಾಂಟ್ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬರುತ್ತಿದ್ದುದು ನನಗೋಸ್ಕರ ಅಂತಲೇ ನಂಬಿದ್ದೆ. ನಾನು ಗಂಡು ಹೆಣ್ಣೆನ್ನದೆ ಎಲ್ಲರಿಗೂ ಜಡೆ ಹೆಣೆಯುವವಳು, ಅವನದು ನುಣ್ಣಗೆ ಬೋಳಿಸಿದ ತಲೆ. ಅಂಥ ಗಂಡಸು ಜಡೆ ಅಂಗಡಿಗೆ ತಪ್ಪದೆ ಬಂದರೆ ಪಶ್ಚಿಮ ಬಾಲ್ಟಿಮೋರಿನಲ್ಲಿ ಯಾರಿಗಾದರೂ ಇನ್ನೇನು ಅನಿಸೀತು?

ಕೈಯಲ್ಲಿ ಸ್ನೋಬಾಲ್ ಇರುತ್ತಿತ್ತು. ಚೆರ್ರಿ ಶರಬತ್ತು ಸುರಿದ ಐಸ್ ಪುಡಿ, ಮೇಲೆ ಮಾರ್ಷ್‌ಮೆಲೋ.

"ಮಿಸ್ ರೊಶೆಲ್, ಕರಗೋಕ್ಮುಂಚೆ ತಿನ್ನಿ."

ನಾನು ಅವನನ್ನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವನೂ ಕನ್ನಡಿಯಲ್ಲೇ ನೋಡಿ, ಸಿಕ್ಕಿಬಿದ್ದು, ಬಾಗಿಲ ಕಡೆ ತಿರುಗುತ್ತಿದ್ದ. ಕುರ್ಚಿಯಲ್ಲಿ ಕೂತ ಹೆಂಗಸರು ಬೇಕಂತಲೇ ಕೆಮ್ಮುತ್ತಿದ್ದರು.

ಅವನ ಕಿತ್ತಳೆ ಜಾಕೆಟ್ಟು ನಮ್ಮ ಬೀದಿಗೆಲ್ಲ ಗೊತ್ತು. ಗುಂಡು ಹಾರುವ ಮೊದಲೇ ನಡುವೆ ಹೋಗಿ ನಿಲ್ಲುವವರು ಆ ಜಾಕೆಟ್ಟಿನವರು. ಪೊಲೀಸರಲ್ಲ. ಒಂದು ಕಾಲಕ್ಕೆ ಇದೇ ಬೀದಿಗಳ ಮೂಲೆಗಳಲ್ಲಿ ಬಂದೂಕು ಹಿಡಿದು ಜೈಲು ಕಂಡು ಬಂದವರು. ಅಪಾಯದ ಅಂಚಿನಲ್ಲಿರುವ ಹುಡುಗನನ್ನು ದಿನವೂ ಕಣ್ಣಾರೆ ನೋಡಬೇಕು ಅನ್ನುವುದು ಅವರ ನಿಯಮ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡಿ! ಅವನು ಬರುತ್ತಿದ್ದುದು ಹಿಂದಿನ ಬೆಂಚಿನಲ್ಲಿ ಫೋನ್ ಒತ್ತುತ್ತಾ ಕೂತಿರುತ್ತಿದ್ದ ನನ್ನ ತಮ್ಮ ಕೀಯಾನ್‌ಗೋಸ್ಕರ.

ತಿಳಿದ ದಿನ ಸ್ನೋಬಾಲನ್ನು ಸಿಂಕಿಗೆ ಸುರಿದೆ.

"ತಮ್ಮನ್ನ ನೋಡೋಕೆ ಬರೋರು ಅಕ್ಕಂಗ್ಯಾಕ್ರೀ ಐಸು ತರ್ತೀರಾ?"

"ಅವನಿಗೆ ಚೆರ್ರಿ ಸೇರಲ್ಲ," ಅಂದ, ಮುಖ ಸಣ್ಣಗೆ ಮಾಡಿಕೊಂಡು.

ನಗು ಬಂತು. ನುಂಗಿಕೊಂಡೆ. ಆಮೇಲೆ ಅವನೊಂದಿಗೆ ಮಾತು ಬಿಟ್ಟೆ.

ಹೀಗಿರುವಾಗ ಒಂದು ಶನಿವಾರ ಕೀಯಾನ್‌ನ ಜೀವದ ಗೆಳೆಯ ಮಾರ್ಕೀಸ್‌ಗೆ ಗುಂಡೇಟು ಬಿತ್ತು. ಮಧ್ಯಾಹ್ನ ಕೀಯಾನ್ ಬಂದು ನನ್ನ ಕುರ್ಚಿಯಲ್ಲಿ ಕೂತ.

"ಬೇಗ ಹೆಣಿ ಅಕ್ಕ. ಕೆಲಸ ಇದೆ."

ಎಂಥ ಕೆಲಸ ಅಂತ ಕೇಳಬೇಕಾಗಿರಲಿಲ್ಲ, ಸೇಡು ತೀರಿಸುವ ಕೆಲಸ. ಅಷ್ಟರಲ್ಲಿ ಲಮಾಂಟ್ ಏದುಸಿರು ಬಿಡುತ್ತಾ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "ನಿಧಾನಕ್ಕೆ ಹೆಣೀರಿ. ನಾನು ಆ ಕಡೆಯವರ ಹತ್ರ ಹೋಗ್ಬರ್ತೀನಿ."

ಬರಿಗೈಲಿ ಹೋದ. ಗುಂಡು ಹಾರಿಸಿದವರ ಬೀದಿಗೆ, ಬರೀ ಮಾತು ನಂಬಿಕೊಂಡು. ಹೋಗುವ ಬೆನ್ನನ್ನು ನೋಡುತ್ತಾ, ಇವನನ್ನು ನಾನು ಪ್ರೀತಿಸುತ್ತೇನೆ ಅಂತ ನನಗೆ ಸ್ಪಷ್ಟವಾಗಿ ತಿಳಿಯಿತು.

ಕೀಯಾನ್‌ನ ತಲೆಯ ಒಂದು ಕಡೆ ಜಡೆ, ಇನ್ನೊಂದು ಕಡೆ ಪೊದೆ. ಮನೆಗೆ ಬೆಂಕಿ ಬಿದ್ದರೂ ನಮ್ಮ ಹುಡುಗರು ಹಾಗೆ ಬೀದಿಗೆ ಇಳಿಯುವುದಿಲ್ಲ. ಹೆಣೆದೆ, ಬಿಚ್ಚಿದೆ, ಮತ್ತೆ ಹೆಣೆದೆ.

"ಬಿಚ್ಚಿದ್ದೇ ಬಿಚ್ತಿದ್ದೀಯಲ್ಲ ಅಕ್ಕ!"

"ಬೈತಲೆ ಸೊಟ್ಟ ಆಯ್ತು ಕಣೋ. ತೆಪ್ಪಗೆ ಕೂರು."

ಬೈದ, ಗೊಣಗಿದ, ಎದ್ದು ಕನ್ನಡಿ ನೋಡಿಕೊಂಡು ಮತ್ತೆ ಕೂತ. ಕೊನೆಗೆ ನನ್ನ ಏಪ್ರನ್ನಿಗೆ ಮುಖ ಒತ್ತಿ ಚಿಕ್ಕ ಮಗುವಿನ ಹಾಗೆ ಅತ್ತ. ನಾನು ಕೂದಲು ಬಿಡಲಿಲ್ಲ.

ಹೊತ್ತು ಇಳಿಯುವಾಗ ಲಮಾಂಟ್ ಬಂದ. ಜೀವಂತ! ಕೀಯಾನ್‌ನ ಮುಂದೆ ಮಂಡಿಯೂರಿದ.

"ಮಾರ್ಕೀಸ್‌ಗೆ ಎಚ್ಚರ ಆಗಿದೆ. ನಿನ್ನನ್ನೇ ಕೇಳ್ತಿದ್ದಾನೆ. ಆ ಕಡೆಯವರು ಇಲ್ಲಿಗೆ ಕಾಲಿಡಲ್ಲ ಅಂತ ಮಾತು ಕೊಟ್ಟಿದ್ದಾರೆ. ಆಸ್ಪತ್ರೆಗೆ ಬರ್ತೀಯೋ, ಇಲ್ಲ ಜಡೆ ಮುಗಿಯೋವರೆಗೂ ಕಾಯ್ತೀಯೋ?"

ನನ್ನ ತಮ್ಮ ಅರ್ಧ ತಲೆಯಲ್ಲೇ ಎದ್ದು ಹೊರಟ. ಇಡೀ ಬೀದಿ ನೋಡಿತು. ಯಾರೂ ನಗಲಿಲ್ಲ.

ಮುಂದಿನ ತಿಂಗಳು ಲಮಾಂಟ್‌ನ ಕಡೆಯವರೇ ಕೀಯಾನ್‌ಗೆ ಬೇರೆ ಊರಲ್ಲಿ ಕೆಲಸ ಹುಡುಕಿ, ಅಲ್ಲಿದ್ದ ನಮ್ಮ ಚಿಕ್ಕಮ್ಮನ ಮನೆಗೆ ಕಳಿಸಿದರು. ತಮ್ಮನ ಜೀವ ಉಳಿದ ಸಂತೋಷದಲ್ಲೂ ಒಂದು ಚಿಂತೆ ನನ್ನನ್ನು ಕೊರೆಯಿತು. ಇನ್ನು ಲಮಾಂಟ್ ಯಾಕೆ ಬರುತ್ತಾನೆ?

ಮರುದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಒಳಗೆ ಬಂದವನು ಕಿತ್ತಳೆ ಜಾಕೆಟ್ಟನ್ನು ಬಿಚ್ಚಿ ಮೊಳೆಗೆ ಹಾಕಿದ. ಅದಿಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು. ನನ್ನ ಕೈಗೆ ಸ್ನೋಬಾಲ್ ಕೊಟ್ಟು ಕುರ್ಚಿಯಲ್ಲಿ ಕೂತ.

"ಕೀಯಾನ್ ಇಲ್ಲ."

"ಗೊತ್ತು. ನಾನೇ ಬಸ್ ಹತ್ತಿಸಿದ್ದು."

"ಮತ್ತೇನು?"

"ಜಡೆ ಹಾಕಿಸ್ಕೋಬೇಕು."

"ಈ ಬೋಳು ತಲೇಲಿ ಏನ್ ಹೆಣೀಲಿ ನಾನು?"

"ಬೆಳೆಯುತ್ತೆ ರೊಶೆಲ್. ಅಲ್ಲಿವರೆಗೂ ಇಲ್ಲೇ ಕೂತಿರ್ತೀನಿ."

ಅವನ ತಲೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕನ್ನಡಿಯಲ್ಲಿ ಈ ಸಲ ಅವನು ಮುಖ ತಿರುಗಿಸಲಿಲ್ಲ.

"ನಿಧಾನಕ್ಕೆ ಬೆಳೀಲಿ," ಅಂದೆ.