ಹದಿನಾರರ ಹಾಡು

ಹೆಂಗಸಿನ ಚಿತ್ರವಿದ್ದ ಹಾಡಿನ ಪ್ಲೇಟಿನಿಂದ ಗಂಡಸಿನ ದನಿ ಬಂದದ್ದು ಕೇಳಿ ಮರಿಲಿಂಗಮ್ಮ ಕಸಬರಿಗೆ ಕೈಬಿಟ್ಟು ನಕ್ಕಳು.

ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ಕ್ಲಬ್ಬನ್ನು ಗುಡಿಸಿ ಬೀಗ ಹಾಕುವ ಕೆಲಸ ಅವಳದು. ವರ್ಗವಾಗಿ ಹೋದ ಯಾರೋ ಇಂಜಿನಿಯರ್ ಸಾಹೇಬರು ಒಂದು ರೆಕಾರ್ಡ್ ಪ್ಲೇಯರ್ ಮತ್ತು ಒಂದೇ ಒಂದು ಹಳೆಯ ಇಂಗ್ಲಿಷ್ ಜಾಝ್ ಪ್ಲೇಟು ಬಿಟ್ಟುಹೋಗಿದ್ದರು. ಹೊದಿಕೆಯ ಮೇಲೆ ಮೈಕಿನ ಮುಂದೆ ಕೆಂಪು ಗೌನಿನ ಹೆಂಗಸು, ಹಿಂದೆ ತುತ್ತೂರಿ ಹಿಡಿದ ಗಂಡಸರ ಸಾಲು. ಈಗ ಅದನ್ನು ಹಚ್ಚಿದವನು ಕಕ್ಕೇರಾದ ಅಂಬ್ರಪ್ಪ. ಕಾಲುವೆಗಾಗಿ ಬಂಡೆ ಸಿಡಿಸುವ ಗ್ಯಾಂಗಿನವನು. ರವಿವಾರದ ಮಧ್ಯಾಹ್ನ ಸಾಹೇಬರು ಯಾರೂ ಇಲ್ಲದ್ದು ನೋಡಿ ಒಳಗೆ ನುಸುಳಿದ್ದ.

“ಮಾರಿ ನೋಡಿದ್ರ ರಾಣಿ, ದನಿ ಕೇಳಿದ್ರ ಗೌಡ! ಏನಾಗ್ಯಾದ್ರಿ ಈಕಿಗಿ?” ಎಂದಳು ಮರಿಲಿಂಗಮ್ಮ.

ಅಂಬ್ರಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಸ್ವಲ್ಪ ತಡವಾಗಿ ನಕ್ಕ. “ನೆಗಡಿ ಆಗ್ಯಾದ. ಶುಂಠಿ ಕಷಾಯ ಕುಡಸು.”

ಹಾಗೆ ಯಾರೂ ಅವಳನ್ನು ನೋಡಿರಲಿಲ್ಲ. ಅವಳು ಮಾತಾಡಿದಷ್ಟು ಹೊತ್ತೂ ಅವನ ಕಣ್ಣು ಅವಳ ತುಟಿ ಬಿಟ್ಟು ಕದಲಲಿಲ್ಲ. ಮರಿಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರೆ, “ಸೆರಗು ತಗಿ” ಎಂದು ಗದರಿದ. ಎಂಥ ಧೈರ್ಯದವನಪ್ಪ ಎಂದುಕೊಂಡಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆಮೇಲೆ ಪ್ರತಿ ರವಿವಾರ ಅವನು ಬಂದ. ಪೆಟ್ಟಿಗೆಯ ಸಣ್ಣ ಹಿಡಿಯನ್ನು ಹದಿನಾರು ಎಂಬ ಅಂಕಿಗೆ ತಾನೇ ಎಳೆದು ಹಾಡು ಹಚ್ಚುತ್ತಿದ್ದ. ದಪ್ಪ ದನಿ ನಿಧಾನವಾಗಿ ನರಳುತ್ತಿತ್ತು. ಹೆಂಡತಿಯನ್ನು ಕಳಕೊಂಡವನ ಹಾಡು ಅದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಇಂಗ್ಲಿಷ್ ಇಬ್ಬರಿಗೂ ಬಾರದು, ಹಾಗಾಗಿ ಜಗಳವಿರಲಿಲ್ಲ.

ಒಂದು ರವಿವಾರ ಹೊರಡುವಾಗ ಅಂಬ್ರಪ್ಪ ಹೊಸ್ತಿಲಲ್ಲಿ ಕುಳಿತು ಚಪ್ಪಲಿ ಮೆಟ್ಟುತ್ತ, ಬೆನ್ನು ಈ ಕಡೆ ಮಾಡಿಯೇ ಕೇಳಿದ. ಮುಖ ನೋಡಿ ಕೇಳಲು ನಾಚಿಕೆ.

“ಮರಿಲಿಂಗಾ, ಹೆಣ್ಣು ಕೇಳಾಕ ನಮ್ಮವ್ವನ್ನ ನಿಮ್ಮ ಮನಿಗಿ ಕಳಸ್ಲೇನು?”

ನಮ್ಮ ಕಡೆ ಹೆಣ್ಣುಮಕ್ಕಳು ಇಂಥದಕ್ಕೆ ಬಾಯಿಬಿಟ್ಟು ಒಪ್ಪಿಗೆ ಎನ್ನುವುದಿಲ್ಲ. ಮರಿಲಿಂಗಮ್ಮ ಗಂಟಲಲ್ಲೇ “ಹೂಂ” ಅಂದಳು.

ಅವನು ಸ್ವಲ್ಪ ಹೊತ್ತು ಕಾದ. ಎದ್ದ. ತಿರುಗಿಯೂ ನೋಡದೆ ಹೋಗಿಬಿಟ್ಟ. ನಾಲ್ಕು ರವಿವಾರ ಬರಲೇ ಇಲ್ಲ, ಅವನವ್ವನೂ ಬರಲಿಲ್ಲ. ಮರಿಲಿಂಗಮ್ಮನಿಗೆ ಅನ್ನ ಸೇರದಾಯಿತು. ಹೂಂ ಅನ್ನಿಸಿಕೊಂಡು ಓಡಿಹೋದವನನ್ನು ಮನಸ್ಸಿನಲ್ಲೇ ಬೈದಳು, ಬೈದು ಅತ್ತಳು.

ಅತ್ತ ಮುಖದಲ್ಲೇ ಒಂದು ದಿನ ಪ್ಲೇಟು ಹಚ್ಚಿದ್ದಾಗ ಅಡುಗೆಯ ಅನ್ವರಬಿ ಬಂದಳು. ಹೈದರಾಬಾದಿನ ದೊಡ್ಡ ಮನೆಗಳಲ್ಲಿ ದುಡಿದವಳು.

“ಅಯ್ಯ ಹುಚ್ಚಿ, ಇದು ಮೂವತ್ಮೂರರ ಪ್ಲೇಟು! ಹದಿನಾರಕ್ಕ ಇಟ್ರ ನಿಧಾನ ತಿರಗತದ. ಪಾಪ, ಆಕಿ ಗಂಟಲ ಹಿಚುಕಿ ಇಟ್ಟೀಯಲ್ಲ!”

ಹಿಡಿ ಸರಿಯಿತು. ಕೆಂಪು ಗೌನಿನ ಹೆಂಗಸು ತನ್ನ ಸ್ವಂತ ದನಿಯಲ್ಲಿ ಚಂಗನೆ ಎದ್ದು ಹಾಡಿದಳು. ತುತ್ತೂರಿಗಳು ಕೇಕೆ ಹಾಕಿದವು. ಅನ್ವರಬಿಯ ಕಾಲು ತಾನಾಗಿ ತಾಳ ಹಾಕಿತು. ಇಷ್ಟು ದಿನ ಕಣ್ಣೀರಿಟ್ಟು ಕೇಳಿದ್ದು ಕುಣಿಯುವ ಹಾಡು! ಮರಿಲಿಂಗಮ್ಮನಿಗೆ ಇದನ್ನು ಅಂಬ್ರಪ್ಪನಿಗೆ ಕೇಳಿಸಲೇಬೇಕು ಅನ್ನಿಸಿತು, ಸಿಟ್ಟು ಅಲ್ಲೇ ಮರೆತುಹೋಯಿತು.

ಮುಂದಿನ ರವಿವಾರ ದಾರಿಯಲ್ಲಿ ಹೋಗುತ್ತಿದ್ದವನನ್ನು ಅಡ್ಡಗಟ್ಟಿ ಕರೆತಂದಳು. ಮೂವತ್ಮೂರಕ್ಕೆ ಇಟ್ಟು ಹಾಡು ಹಚ್ಚಿದಳು. ಅಂಬ್ರಪ್ಪ ಕಿವಿಗೊಟ್ಟ. ಹುಬ್ಬು ಗಂಟಿಕ್ಕಿತು.

“ಬರೀ ಡೊಳ್ಳು ಬಾರ್ಸಾಕತ್ತಾರ. ಹಾಡೋರು ಎಲ್ಲಿ ಹೋಗ್ಯಾರ?”

ಹೆಂಗಸು ಕ್ಲಬ್ಬಿನ ಹಂಚು ಹಾರುವಂತೆ ಹಾಡುತ್ತಿದ್ದಳು. ಮರಿಲಿಂಗಮ್ಮ ಮೆಲ್ಲಗೆ ಅವನ ಹಿಂದೆ ಹೋಗಿ ನಿಂತು, “ಅಂಬ್ರಪ್ಪ” ಎಂದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು. ಇಲ್ಲ.

ಎದುರಿಗೆ ಬಂದು ಅವನ ಭುಜ ಅಲ್ಲಾಡಿಸಿದಳು. “ನಿಮಗ ಕಿವಿ ಕೇಳಸಂಗಿಲ್ಲೇನ್ರಿ?”

“ದಪ್ಪ ದನಿ ಕೇಳಸ್ತದ. ಸಣ್ಣ ದನಿ ಸಿಡಿಮದ್ದಿಗಿ ಹೋಗ್ಯಾವ,” ಅಂದ ಅವನು, ನೆಲ ನೋಡುತ್ತ. “ಇರೋದೂ ಹೋಗ್ತದ ಅಂದಾನ ಯಾದಗಿರಿ ಡಾಕ್ಟರ್.”

“ಅದಕ್ಕ ನನ್ನ ತುಟಿ ನೋಡ್ತಿದ್ರೇನು? ಮಾತು ತಿಳೀಲಿ ಅಂತ?”

“ಅದಕ್ಕೂ,” ಅಂದ ಅಂಬ್ರಪ್ಪ.

ಅವಳಿಗೆ ಆಗ ಹೊಳೆದದ್ದು ಬೇರೆ. ಮದ್ದಿಗೆ ಬೆಂಕಿ ಹಚ್ಚುವ ಮೊದಲು ಮೇಸ್ತ್ರಿ ಸೀಟಿ ಊದುತ್ತಾನೆ. ಸೀಟಿ ಕೇಳಿದವರು ಓಡಬೇಕು.

“ಸೀಟಿ?”

“ಮಂದಿ ಓಡಿದ್ರ ನಾನೂ ಓಡ್ತೇನಿ.”

“ಮಂದಿ ಬೆನ್ನ ಹಿಂದ ಇದ್ದಾಗ?” ಅವಳು ಮೊದಲ ಬಾರಿ ‘ರಿ’ ಬಿಟ್ಟು ಕಿರುಚಿದಳು. “ಹೇಳೋ!”

ಅವನು ಯಾರಿಗೂ ಹೇಳಬೇಡ, ಹೇಳಿದರೆ ಕೆಲಸ ಹೋಗುತ್ತದೆ ಎಂದಷ್ಟೇ ಕೈಮುಗಿದ.

ಮರುದಿನ ಬೆಳಿಗ್ಗೆ ಮರಿಲಿಂಗಮ್ಮ ಹುಲಗಪ್ಪ ಮೇಸ್ತ್ರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಹನ್ನೊಂದು ಗಂಟೆಗೆ ಅಂಬ್ರಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಕ್ಲಬ್ಬಿನ ಬಾಗಿಲಿಗೆ ಬಂದ. ಮುಖ ಕಲ್ಲಾಗಿತ್ತು.

“ನನ್ನ ಅನ್ನ ಕಸಗೊಂಡಿ. ಕೇಳಿದಾಗ ಬಾಯಿ ಸುದ್ದ ಬಿಡಲಿಲ್ಲ ನೀ. ಒಲ್ಲದ ಗಂಡು ಬದುಕಿದ್ರೇನು, ಸತ್ರೇನು ನಿನಗ?”

ಬಾಯಿ ಬಿಡಲಿಲ್ಲ! ಮರಿಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾಲ್ಕು ರವಿವಾರದ ಲೆಕ್ಕ ಈಗ ತಿಳಿಯಿತು. ಅವನು ಬೆನ್ನು ತಿರುಗಿಸಿ ಕೇಳಿದ್ದ, ಅವಳು ತುಟಿ ಬಿಚ್ಚದೆ ಒಪ್ಪಿದ್ದಳು.

ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಸೀಟಿ ಬಂತು. ಅವಳು ಬೆಚ್ಚಿದಳು. ಅವನು ಬೆಚ್ಚಲಿಲ್ಲ, ಹೊರಡಲು ತಿರುಗಿದ.

ಅವಳು ಓಡಿ ಅವನ ಕೈ ಹಿಡಿದಳು. ಬಂಡೆ ಕೊರೆದು ಒರಟಾದ ಆ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಅಂದು ಹೇಳಿದ್ದನ್ನೇ ಮತ್ತೆ ಹೇಳಿದಳು.

“ಹೂಂ.”

ಅಂಗೈಯ ಕೆಳಗೆ ಗಂಟಲು ಒಮ್ಮೆ ನಡುಗಿತು. ‘ಊಹೂಂ’ ಆದರೆ ಎರಡು ಸಲ ನಡುಗಬೇಕು. ಅಂಬ್ರಪ್ಪ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾದ. ಕಾಲುವೆಯಲ್ಲಿ ಬಂಡೆ ಸಿಡಿದು ನೆಲ ಅದುರಿತು, ಆದರೂ ಕೈ ತೆಗೆಯಲಿಲ್ಲ. ಎರಡನೆಯದು ಬರಲಿಲ್ಲ.

ಅವನು ಹೆಗಲ ಚೀಲವನ್ನು ಕೆಳಗಿಟ್ಟ.