ಕೆಂಪು ರಿಬ್ಬನ್ನಿನ ಜಡೆ

"ಅಯ್ಯೋ... ಅದನ್ನ ಕೆಳಗಿಡ್ರೀ!"

ಅವಳು ಕೂಗಿದ ರಭಸಕ್ಕೆ ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿಂಕಿನ ಮುಂದೆ ನಿಂತಿದ್ದ ಹೊಸಬನ ಕೈಯಲ್ಲಿ ಒಂದು ಉದ್ದನೆಯ ಜಡೆ. ತೊಟತೊಟ ನೀರು ಸುರಿಯುತ್ತಿತ್ತು. ಬೆಳಿಗ್ಗೆ ಕಾಡಿಗೆಯಂತೆ ಕಪ್ಪಗಿದ್ದದ್ದು ಈಗ ಒಣಹುಲ್ಲಿನ ಬಣ್ಣ!

"ಯಾಕ್ರೀ? ಇದು ಸ್ಯಾಂಪಲ್ ಅಲ್ವಾ?"

"ಸ್ಯಾಂಪಲ್ ಅಲ್ಲ ಕಣ್ರೀ... ಅದು ನಮ್ಮಮ್ಮ!"

ಅವನ ಮುಖ ಬಿಳಿಚಿಕೊಂಡಿತು.

ಅದು ಕಂಡೀಷನರ್ ತಯಾರಿಸುವ ಕಾರ್ಖಾನೆ. ಕೂದಲಿಗೆ ತೆಳ್ಳಗೆ ಅಂಟಿಕೊಂಡು, ಬಾಚಣಿಗೆ ಸರಾಗವಾಗಿ ಜಾರುವಂತೆ ಮಾಡುವ ಪಾಲಿಮರ್ ಇದೆಯಲ್ಲ, ಅದರ ಗುಣ ತಿಳಿಯಬೇಕಾದರೆ ಮೊದಲು ಕೂದಲು ಹಾಳಾಗಬೇಕು. ಕೊಂಡು ತಂದ ಕೂದಲನ್ನು ಬ್ಲೀಚಿನಲ್ಲಿ ಅದ್ದಿ ಹಾಳು ಮಾಡುವುದು ಅವನ ಕೆಲಸ. ಆಮೇಲೆ ಪಾಲಿಮರ್ ಹಚ್ಚಿ, ಒದ್ದೆಯಲ್ಲೇ ಬಾಚಿ, ಸಿಕ್ಕು ಎಷ್ಟಿದೆಯೆಂದು ಅಳೆಯುವುದು ಅವಳದು. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಬ್ಲೀಚಪ್ಪ, ಅವಳು ಬಾಚಣಿಗೆ ಮೇಡಂ.

ಕ್ಯಾನ್ಸರ್ ಔಷಧಿಗೆ ಕೂದಲು ಉದುರುವ ಮೊದಲೇ ಅಮ್ಮ ತಾನೇ ಕತ್ತರಿಸಿ ಕೊಟ್ಟ ಜಡೆ ಅದು. ಆಸ್ಪತ್ರೆಗೆ ಹೋದ ಅಮ್ಮ ವಾಪಸ್ ಬರಲಿಲ್ಲ. ಜಡೆ ಅಪ್ಪನ ದಿಂಬಿನ ಪಕ್ಕ ಉಳಿಯಿತು. ಅಪ್ಪ ಸವರಿ ಸವರಿ ಒರಟಾಗಿತ್ತು. ಪಾಲಿಮರ್ ನೀರಲ್ಲಿ ಒಮ್ಮೆ ನೆನೆಸಿ ನುಣುಪು ಮಾಡೋಣವೆಂದು ಅವಳೇ ತಂದು, ಸ್ಯಾಂಪಲ್‌ಗಳ ಪಕ್ಕದ ಕೊಕ್ಕೆಗೆ ನೇತುಹಾಕಿ ಊಟಕ್ಕೆ ಹೋಗಿದ್ದಳು. ಅಷ್ಟೇ.

ಮ್ಯಾನೇಜರ್ ಬೈದಾಗ ಅವನು ತಲೆ ತಗ್ಗಿಸಿದ. "ನನ್ನದೇ ತಪ್ಪು ಸರ್."

'ಹೌದು, ನಿಂದೇ!' ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಳು.

"ಒಂದಷ್ಟು ದಿನ ಇದು ನನ್ನ ಹತ್ರ ಇರ್ಲಿ," ಎಂದು ಅವನು ಅವಳನ್ನು ಕೇಳಿಕೊಂಡ. "ಹೀಗೇ ಬಿಟ್ರೆ ಮುಟ್ಟಿದಲ್ಲೆಲ್ಲ ತುಂಡಾಗುತ್ತೆ. ಪೆಟ್ಟು ತಿಂದ ಕೂದಲಿಗೇ ಪಾಲಿಮರ್ ಜಾಸ್ತಿ ಅಂಟೋದು..."

"ನಂಗೆ ಪಾಠ ಹೇಳ್ಬೇಡಿ! ಇಟ್ಕೊಳ್ಳಿ. ಅದನ್ನ ನೋಡೋಕೂ ಆಗಲ್ಲ ನನ್ನಿಂದ."

ಮನೆಯಲ್ಲಿ ಅಪ್ಪ ದಿನಾ ಕೇಳುತ್ತಿದ್ದರು. "ಜಡೆ ಇನ್ನೂ ಒಣಗ್ಲಿಲ್ವೇನಮ್ಮಾ?"

"ಒಣಗ್ತಿದೆ ಅಪ್ಪಾ."

ಅಪ್ಪನ ಕೈ ಖಾಲಿ ಹಾಸಿಗೆಯ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಎಷ್ಟು ದಿನ ಹೀಗೆ ಸುಳ್ಳು ಹೇಳುವುದು?

ಪಾಲಿಮರ್ ಪುಡಿ ಕಲಸುವ ದೊಡ್ಡ ಟ್ಯಾಂಕನ್ನು ನೋಡಿಕೊಳ್ಳುವ ಹಿರಿಯಾಕೆ ಎಲ್ಲರಿಗೂ ಟ್ಯಾಂಕಕ್ಕ. ಆಕೆಯೇ ಒಂದು ದಿನ ತಡೆದು ನಿಲ್ಲಿಸಿದಳು.

"ಏನೇ ಬಾಚಣಿಗೆ, ನಿನ್ನ ಬ್ಲೀಚಪ್ಪ ಕೆಲಸ ಬಿಡ್ತಾನಂತೆ. ತಣ್ಣಗಾಯ್ತಾ ಹೊಟ್ಟೆ?"

"ನನ್ನ ಬ್ಲೀಚಪ್ಪ ಅಂತೆ! ಬಿಟ್ರೆ ಬಿಡ್ಲಿ."

"ದಿನಾ ಸಂಜೆ ಆ ಜಡೆಗೆ ಅಂತ ನನ್ನ ಹತ್ರ ಚಿಟಿಕೆ ಪುಡಿ ಇಸ್ಕೊಂಡು, ತಣ್ಣೀರಿಗೆ ಉದುರಿಸಿ ಉದುರಿಸಿ ಕಲಸ್ತಾನೆ ಕಣೇ, ಒಂದು ಗಂಟೂ ಕಟ್ಟದ ಹಾಗೆ. ನನ್ನ ಗಂಡನಿಗೆ ಹಾಲಿಗೆ ಸಕ್ಕರೆ ಕಲಸೋಕೂ ಬರಲ್ಲ!"

"ಹಾಳು ಮಾಡು ಅಂತ ಅವ್ರಿಗೆ ಯಾರು ಹೇಳಿದ್ರು?"

ಟ್ಯಾಂಕಕ್ಕ ನಗು ನಿಲ್ಲಿಸಿದಳು. "ಆ ಜಡೆ ತುದೀಲಿ ಏನಿತ್ತು?"

"ಅಮ್ಮನ ರಿಬ್ಬನ್."

"ಯಾವ ಬಣ್ಣದ್ದು?"

ಅವಳು ಬಾಯಿ ತೆರೆದಳು.

ಕೆಂಪು!

ಅಲ್ಲಿ ಕೂದಲ ತುದಿಗೆ ಕೆಂಪು ಕಟ್ಟಿದ್ದರೆ 'ಬ್ಲೀಚಿಗೆ ಹಾಕು' ಎಂದೇ ಅರ್ಥ. ಅವಳೇ ದಿನಾ ಕಟ್ಟುವ ಗುರುತು. ಆದರೆ ಆ ದಿನ ಅವಳ ಕಣ್ಣಿಗೆ ಕಂಡದ್ದು ಅಮ್ಮನ ರಿಬ್ಬನ್ ಮಾತ್ರ...

"ಅವ್ರು ಹೇಳ್ಬಹುದಿತ್ತಲ್ಲಕ್ಕಾ..."

"ನಾನೂ ಕೇಳ್ದೆ. 'ಅಮ್ಮನ್ನ ಕಳ್ಕೊಂಡವರ ತಲೆ ಮೇಲೆ ಇದನ್ನೂ ಹೊರಿಸ್ಲಾ ಅಕ್ಕಾ' ಅಂದ."

ಅವಳು ಓಡಿದಳು. ಅವನು ಸಿಂಕಿನ ಬಳಿ ಜಡೆಯನ್ನು ಬಿಚ್ಚಿ, ಮಗುವಿನ ತಲೆ ತೊಳೆಯುವಂತೆ ಅಂಗೈಯಲ್ಲಿ ಹಿಡಿದು ತೊಳೆಯುತ್ತಿದ್ದ.

"ಬಾಚಿ ನೋಡಿ," ಎಂದು ಕೊಟ್ಟ.

ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಇಳಿಯಿತು. ಒಂದೆಳೆಯೂ ಮುರಿಯಲಿಲ್ಲ. ಕಪ್ಪು ಮಾತ್ರ ಮರಳಿರಲಿಲ್ಲ.

"ಕೆಂಪು ಕಟ್ಟಿದ್ದು ನಾನು... ಬೈಸ್ಕೊಂಡಿದ್ದು ನೀವು. ಈಗ ಕೆಲಸಾನೂ ಬಿಡ್ತೀರಾ?"

"ನನ್ನ ಕಂಡಾಗಲೆಲ್ಲ ನಿಮ್ಮ ಮುಖ ಬಾಡುತ್ತೆ. ಅದನ್ನ ನೋಡ್ಕೊಂಡು ಇರೋಕೆ ನನ್ನಿಂದ ಆಗ್ತಿಲ್ಲ." ಅವನು ಕೈ ಒರೆಸಿಕೊಂಡ. "ಹೋಗೋ ಮುಂಚೆ ನಿಮ್ಮ ತಂದೆ ಹತ್ರ ಒಂದು ಮಾತು ಹೇಳ್ಬಿಡ್ತೀನಿ."

"ನಾನೇ ಹೇಳ್ಬೇಕು. ಆದ್ರೆ... ಒಬ್ಳೇ ಹೇಳೋಕೆ ಧೈರ್ಯ ಇಲ್ಲ."

ಆ ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋದರು. ಅಪ್ಪ ಜಡೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಯಾರದಮ್ಮ ಇದು?"

ಅವಳು ಅಪ್ಪನ ಪಕ್ಕ ಕುಳಿತಳು. "ಅಮ್ಮಂದೇ ಅಪ್ಪಾ. ನನ್ನಿಂದ ಹಾಳಾಯ್ತು."

"ಬ್ಲೀಚ್ ಮಾಡಿದ್ದು ನಾನು ಸರ್."

ಅಪ್ಪ ಜಡೆಯನ್ನು ಮೂಗಿಗೆ ಹಿಡಿದರು. "ಅವಳ ವಾಸನೆ ಹೋಗಿದೆ..." ಆಮೇಲೆ ಯಾರಿಗೋ ಎಂಬಂತೆ ಹೇಳಿದರು, "ಕೂದಲಿಗೆ ಇಂಥದ್ದೇ ಬಣ್ಣ ಹಾಕಿಸ್ಕೋತೀನಿ ಅಂತ ಕುಣೀತಿದ್ಲು. ವಯಸ್ಸಿಗೆ ತಕ್ಕ ಹಾಗಿರು ಅಂತ ನಾನೇ ಗದರಿದ್ದೆ. ಹಾಕಿಸ್ಕೊಂಡಿದ್ರೆ ಏನಾಗ್ತಿತ್ತು..."

ಜಡೆಯನ್ನು ಕೆನ್ನೆಗೊತ್ತಿಕೊಂಡು ಅಪ್ಪ ಅತ್ತರು. ಅಮ್ಮ ಹೋದ ದಿನವೂ ಅವರು ಅತ್ತಿರಲಿಲ್ಲ.

ಅವನು ಮೆಲ್ಲಗೆ ಎದ್ದು ಹೊರಬಂದ. ಅವಳು ಮೆಟ್ಟಿಲವರೆಗೆ ಹಿಂದೆಯೇ ಬಂದಳು.

"ಕೆಲಸ ಬಿಡ್ಬೇಡಿ."

"ನಾನು ಎದುರಿಗಿದ್ರೆ ನಿಮಗೆ ಯಾವಾಗ್ಲೂ ಆ ಜಡೇನೇ ನೆನಪಾಗುತ್ತೆ."

"ಆಗ್ಲಿ. ನೆನಪಾದಾಗ ನಲ್ಲಿ ಬಿಟ್ಕೊಂಡು ಒಬ್ಳೇ ಅತ್ತು ಸಾಕಾಗಿದೆ ನಂಗೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ನನ್ನ ಜೊತೆ... ಇರ್ತೀಯಾ?"

ಅವನು ಚಕ್ಕನೆ ತಲೆಯೆತ್ತಿದ. ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು.

"ಇರ್ತೀನಿ ಕಣೇ."